ಹಲ್ಲಿಯ ಸಾಕ್ಷಿ

ನಗರದ ಬಡಾವಣೆಯೊಂದರಲ್ಲಿ ಮೂರನೇ ಮಹಡಿಯ ಮನೆ ಬಾಡಿಗೆಗೆ ಹೋಗದೆ ಬಹಳ ಕಾಲ ಖಾಲಿ ಬಿದ್ದಿತ್ತು. ದೀಪ ಹಾಕುವವರಿಲ್ಲದೆ ಹುಳುಗಳು ಬರುತ್ತಿರಲಿಲ್ಲ. ಹುಳುಗಳಿಲ್ಲದೆ ಟ್ಯೂಬ್‌ಲೈಟಿನ ಹಿಂದಿನ ಹಲ್ಲಿ ಬಡಕಲಾಗಿ ಹೋಗಿತ್ತು.

ಒಂದು ದಿನ ಮಾಲೀಕ ಚನ್ನವೀರಪ್ಪ, ಮನೆ ಹುಡುಕುತ್ತಿದ್ದ ವಾರಿಜಮ್ಮನವರನ್ನು ಕರೆತಂದ.

“ನೀರಿಗೇನೂ ತೊಂದರೆ ಇಲ್ಲಮ್ಮ,” ಎಂದ.

ಹಲ್ಲಿ ಲೊಚಗುಟ್ಟಿತು.

“ಕೃಷ್ಣ ಕೃಷ್ಣ! ಹಲ್ಲಿ ನುಡೀತು, ಹಾಗಾದರೆ ನಿಜ,” ಎಂದು ವಾರಿಜಮ್ಮ ಬೆರಳಿನಿಂದ ಗೋಡೆ ತಟ್ಟಿದರು.

ಪಕ್ಕದ ಬಿರುಕಿನಲ್ಲಿದ್ದ ಜಿರಳೆ ಪಿಸುಗುಟ್ಟಿತು: “ಏನಣ್ಣ ಇದು? ಈ ನಲ್ಲಿ ನೀರಿನ ಮುಖ ನೋಡಿ ಎಷ್ಟು ಕಾಲವಾಯಿತು!”

“ಸುಮ್ಮನಿರೋ. ಇವರು ಬಂದರೆ ದೀಪ, ದೀಪ ಬಂದರೆ ಹುಳು. ಸತ್ಯವನ್ನು ಹೊಟ್ಟೆ ತುಂಬಿದ ಮೇಲೆ ಹೇಳಿದರಾಯಿತು.”

“ಮಳೆಗಾಲದಲ್ಲಿ ಒಂದು ಹನಿಯೂ ಸೋರುವುದಿಲ್ಲ,” ಎಂದ ಮಾಲೀಕ. ಹಲ್ಲಿ ಲೊಚಗುಟ್ಟಿತು. “ಮೇಲಿನ ಮನೆಯವರು ಬಾಯಿ ಬಿಡುವುದೇ ಇಲ್ಲ.” ಹಲ್ಲಿ ಇನ್ನೂ ಜೋರಾಗಿ ಲೊಚಗುಟ್ಟಿತು. ವಾರಿಜಮ್ಮನವರು ಎರಡು ಸಲವೂ ಗೋಡೆ ತಟ್ಟಿದರು.

“ಮನೆ ಒಪ್ಪಿಗೆಯಾಯಿತು ಕಣ್ರೀ,” ಎಂದರು. “ಶಕುನ ಚೆನ್ನಾಗಿದೆ. ಆದರೆ ಹಲ್ಲಿ ಅಂದರೆ ನನಗೆ ಮೈಯೆಲ್ಲ ನಡುಕ. ಅದನ್ನೊಂದು ಇಲ್ಲದ ಹಾಗೆ ಮಾಡಿಕೊಡಿ.”

“ಅಷ್ಟೇ ತಾನೇ? ನಾಳೆ ಬೆಳಿಗ್ಗೆಯೇ ಪೊರಕೆಯಲ್ಲಿ ಹೊಡೆಸಿಹಾಕುತ್ತೇನೆ.”

ಅಭ್ಯಾಸಬಲದಿಂದ ಹಲ್ಲಿ ಲೊಚಗುಟ್ಟಿತು.

“ಕೃಷ್ಣ ಕೃಷ್ಣ,” ಎಂದು ವಾರಿಜಮ್ಮ ನಿಶ್ಚಿಂತೆಯಿಂದ ಗೋಡೆ ತಟ್ಟಿದರು.

ಜಿರಳೆ ಬಿರುಕಿನ ಒಳಕ್ಕೆ ಸರಿಯುತ್ತ ಹೇಳಿತು: “ಇವತ್ತು ನೀನು ಹೇಳಿದ್ದರಲ್ಲಿ ಇದೊಂದೇ ನಿಜ, ಅಣ್ಣ.”