ಹಸಿದ ಕೌದಿ

ಹುಣಸಿಕೊಪ್ಪದ ಮಠವೆಂದೊಡನೆ ಕಮಾನು, ಕಳಸ ಎಂದೆಲ್ಲ ಭಾವಿಸಬೇಡಿ. ದನದ ಕೊಟ್ಟಿಗೆಗೆ ಗೋಡೆ ಎತ್ತಿ, ಸುಣ್ಣ ಬಳಿದಿದ್ದರು, ಅಷ್ಟೇ. ಅಲ್ಲಿ ಪೂಜ್ಯ ಶ್ರೀ ಹಾಲಯ್ಯಜ್ಜನವರು ಕಲ್ಲುಚಪ್ಪಡಿಯ ಮೇಲೆ ಮಲಗುತ್ತಿದ್ದರು. ಹೊದೆಯಲು ಒಂದು ಕಂಬಳಿ. ಅದರಲ್ಲಿ ಉಣ್ಣೆಗಿಂತ ತೂತೇ ಹೆಚ್ಚೆಂದು ಇಲಿಗಳೂ ದೂರುತ್ತಿದ್ದವಂತೆ.

ಮಾಗಿಯ ಮುಂಜಾನೆ ನೀಲಗಂಗವ್ವ ಬಂದು ಪಾದಕ್ಕೆರಗಿದಳು. ಗಂಡನಿಲ್ಲದ ಹೆಂಗಸು. ಮಗಳು ಶಿವಲೀಲಾ ಮುಂದೆ ಓದಬೇಕಾದರೆ ಪೇಟೆಯ ಹಾಸ್ಟೆಲು ಸೇರಬೇಕು. ಅತ್ತೆ ಚಂದ್ರವ್ವನದು ಒಂದೇ ಮಾತು: “ಯಾರ ಗಂಟಿನ್ಯಾಗ ಓದತಾಳ?”

“ಒಂದು ತಾಯತ ಕೊಡ್ರಿ ಯಪ್ಪಾ. ಅತ್ತಿ ಮನಸು ತಿರುಗಲಿ.”

ಊರಿಗೆಲ್ಲ ಹಳೆಯ ಸೀರೆ ಕೂಡಿಸಿ ಕೌದಿ ಹೊಲಿದುಕೊಡುವವಳು ಅವಳೇ. ಪ್ರತಿಫಲ ಎಲೆ ಅಡಿಕೆ. ಅಜ್ಜನವರು ಇದನ್ನು ಬಲ್ಲವರು.

“ತಾಯತ ಇರಲಿ. ನಮಗೊಂದು ಕೌದಿ ಹೊಲಿಯವ್ವ,” ಎಂದರು.

ಹೊಲಿದಳು. ಕೊನೆಯ ಮೂಲೆ ಮುಚ್ಚುವ ಮುನ್ನ, ಪದ್ಧತಿಯಂತೆ, ಒಳಗೊಂದು ಹೋಳಿಗೆಯ ತುಂಡಿಟ್ಟಳು. ಕೌದಿಗೂ ಹೊಟ್ಟೆಯುಂಟು, ಅದನ್ನು ಹಸಿದ ಹೊಟ್ಟೆಯಲ್ಲಿ ಯಾರಿಗೂ ಕೊಡಬಾರದೆಂಬುದು ನಂಬಿಕೆ. ಮಠಕ್ಕೆ ತಂದಾಗ ಅಜ್ಜನವರು ಕೇಳಿದರು: “ಏನು ಕೊಡಬೇಕು?”

ಅವಳು ಕಿವಿ ಮುಚ್ಚಿಕೊಂಡಳು. “ಶಿವ ಶಿವಾ! ಗುರುವಿನ ಕಡೆ ಕೂಲಿ ಬೇಡಿದ್ರ ಕೈಗೆ ಹುಳಾ ಬೀಳ್ತಾವ್ರಿ!”

ಅಜ್ಜನವರು ಕೌದಿಯನ್ನು ಮಡಚಿ ಹಿಂದೆ ಕೊಟ್ಟರು. “ಹಂಗಾದ್ರ ಇದು ಹಸದೈತಿ. ಹಸದ ಕೌದಿ ನಾವು ಹೊದಿಯೂದಿಲ್ಲ.” ಇದ್ದ ಕಂಬಳಿಯನ್ನೂ ಚಳಿಗೆ ನಡುಗುತ್ತಿದ್ದ ಕರುವಿಗೆ ಹೊದಿಸಿಬಿಟ್ಟರು.

ಮರುದಿನದಿಂದ ಮಠದೊಳಗೆ ಕೆಮ್ಮು. ಎಂಥ ಕೆಮ್ಮು! ನೆರೆಯೂರಿನ ನಾಯಿಗಳೂ ಎದ್ದು ಕೂರುತ್ತಿದ್ದವು. ಬಾವಿಕಟ್ಟೆಯಲ್ಲಿ ಹೆಂಗಸರು ನೀಲಗಂಗವ್ವನನ್ನು ಕಂಡು ಮಾತು ನಿಲ್ಲಿಸಿದರು. ಚಂದ್ರವ್ವ ನಿಲ್ಲಿಸಲಿಲ್ಲ. “ಅಜ್ಜಾರಿಗೆ ಏನರ ಆದ್ರ ಊರು ನಮ್ಮನ್ನ ಬಿಡತೈತೇನ?” ಕೂಲಿ ಬೇಡಿದರೆ ಪಾಪ, ಬೇಡದಿದ್ದರೆ ಗುರುದ್ರೋಹ. ನಿತ್ಯ ಕೌದಿ ಹೊತ್ತು ಮಠದ ಬಾಗಿಲಿಗೆ ಹೋಗುವಳು. ಒಳಗಿನ ಕೆಮ್ಮು ಕೇಳಿದೊಡನೆ ಬೆಲೆ ಹೇಳದೆಯೇ ಮರಳುವಳು. ಅನ್ನ ಸೇರದು. ಮೂಲೆಯ ಹೊಲಿಗೆ ಬಿಚ್ಚಿ, ಹೋಳಿಗೆ ಇದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡಿದಳು.

ಪಕ್ಕದಲ್ಲಿದ್ದ ಶಿವಲೀಲಾ ಕೇಳಿದಳು: “ಹೋಳಿಗಿ ಐತಲ್ಲವ್ವಾ. ಮತ್ತ ಹಸದವ್ರು ಯಾರು?”

ನೀಲಗಂಗವ್ವ ಮಗಳ ಮುಖ ನೋಡಿದಳು. ಮೂಲೆ ಮುಚ್ಚಿದಳು. ಕೌದಿ ಹೊತ್ತು ಮಠಕ್ಕೆ ನಡೆದಳು, ಅವಳ ಹಿಂದೆಯೇ ಚಂದ್ರವ್ವ ಓಡಿದಳು.

ಭಕ್ತರೆದುರು ಮೆಲ್ಲಗೆ ಬೆಲೆ ಹೇಳಿದಳು. ಅಜ್ಜನವರು ಕಿವಿಗೆ ಕೈಯಿಟ್ಟು, “ಕೇಳಿಸಲಿಲ್ಲವ್ವ,” ಎಂದರು. ಇನ್ನೊಮ್ಮೆ ಹೇಳಿದಳು. “ಅಷ್ಟು ದೂರದ ಹಾಸ್ಟೆಲಿಗೆ ಹೆಂಗ ಕೇಳಬೇಕು?” ಆಗ ಹೇಳಿದಳು ನೋಡಿ, ಮಾಡಿನ ಪಾರಿವಾಳಗಳೆಲ್ಲ ಹಾರಿಹೋದವು!

ಅಜ್ಜನವರು ಅವಳು ಕೇಳಿದಷ್ಟು ಹಣವನ್ನೂ ಉಡಿಗೆ ಹಾಕಿ, ಕೌದಿ ಹೊದ್ದುಕೊಂಡರು. ಕೆಮ್ಮು ತಕ್ಷಣ ನಿಂತಿತು. ಅದು ಮೊದಲು ನಿಜಕ್ಕೂ ಇತ್ತೇ ಎಂದು ಕೇಳುವುದು ಭಕ್ತರ ಲಕ್ಷಣವಲ್ಲ.

ಅಜ್ಜನವರು ಹೊದ್ದ ಮೇಲೆ ಕೇಳಬೇಕೆ? ಅಂಥದೇ ಕೌದಿ ಬೇಕೆಂದು ಸುತ್ತಲ ಊರುಗಳಿಂದ ಜನ ಬಂದರು. ಊರ ಗೌಡರು ಮಾತ್ರ, “ನಾವು ಮನಿಯವ್ರಲ್ಲೇನವ್ವ, ಪುಕ್ಕಟ ಹೊಲದು ಕೊಡು,” ಎಂದು ನಕ್ಕರು. ನೀಲಗಂಗವ್ವ ಬಾಯಿ ತೆರೆಯುವ ಮೊದಲೇ ಹೊಸ್ತಿಲಲ್ಲಿ ಕುಳಿತಿದ್ದ ಚಂದ್ರವ್ವ ಗುಡುಗಿದಳು: “ಹಸದ ಕೌದಿ ಹೊದ್ದು ಕೆಮ್ಮತೀರೇನ್ರಿ ಗೌಡ್ರ? ನಮ್ಮ ಹುಡುಗಿ ಓದಬೇಕೈತಿ!”

ಶಿವಲೀಲಾ ಹಾಸ್ಟೆಲಿಗೆ ಹೊರಟಾಗ ಟ್ರಂಕಿನಲ್ಲಿ ಕೌದಿಯಿಟ್ಟವಳೂ ಚಂದ್ರವ್ವನೇ. ಮೂಲೆಯನ್ನು ಒತ್ತಿ ನೋಡಿದಳು. ಸಾಲದೆಂದು ಹೊಲಿಗೆ ಬಿಚ್ಚಿ, ಒಳಗೆ ಇನ್ನೊಂದು ತುಂಡು ಹೋಳಿಗೆಯಿಟ್ಟು, ಮಂದಗಣ್ಣಿಗೆ ಸೂಜಿ ಹಿಡಿದು ತಾನೇ ಹೊಲಿದಳು.