ಐತಪ್ಪನ ಚೀಲದ ಬಾಟ್ಲಿ

ಮದುವೆಯಾಗಿ ನಲವತ್ತು ವರ್ಷ ತುಂಬಿತೆಂದು ಹಂಚಿನ ಕಾರ್ಖಾನೆಯ ದೇಜಪ್ಪ ಶೆಟ್ಟರು ಹೆಂಡತಿ ಸುಮತಿಯಮ್ಮನನ್ನು ಕ್ರೂಸ್ ಹಡಗಿನಲ್ಲಿ ಲಕ್ಷದ್ವೀಪಕ್ಕೆ ಕರೆದುಕೊಂಡು ಹೊರಟರು. ಅಮ್ಮನಿಗೆ ಮಂಡಿನೋವು. ಗಾಲಿಕುರ್ಚಿ ತಳ್ಳಲು ಮನೆಯಾಳು ಐತಪ್ಪನೂ ಜೊತೆಗೆ ಬಂದ.

ಬಂದರಿನಲ್ಲಿ ಶೆಟ್ಟರು ಅವನ ಚೀಲಕ್ಕೆ ಒಂದು ವಿಸ್ಕಿ ಬಾಟ್ಲಿ ತುರುಕಿದರು. "ಹಡಗಿನ ಬಾರಲ್ಲಿ ಬರೀ ಸುಲಿಗೆ ಮಾರಾಯ. ಹೊರಗಿನದ್ದು ಒಳಗೆ ಬಿಡುವುದಿಲ್ಲ. ಸಿಕ್ಕಿಬಿದ್ದರೆ ನಿನ್ನದೇ ಅಂತ ಹೇಳು!"

ಐತಪ್ಪ ಯೋಚಿಸಿದ. ಸಿಕ್ಕಿಬಿದ್ದು ತನ್ನನ್ನು ಹಡಗಿನಿಂದ ಇಳಿಸಿಬಿಟ್ಟರೆ ಅಮ್ಮನ ಕುರ್ಚಿ ತಳ್ಳುವವರು ಯಾರು? ತಪಾಸಣೆಯ ಅಧಿಕಾರಿ ಎದುರಾದದ್ದೇ, ತಾನಾಗಿ ಬಾಟ್ಲಿ ತೆಗೆದು ಮೇಜಿನ ಮೇಲಿಟ್ಟ.

"ಇದು ನನ್ನದು ಸಾರ್. ನಮ್ಮ ಧಣಿಗಳು ಬಹಳ ಶಿಸ್ತಿನವರು, ಕಣ್ಣಿಗೆ ಬಿದ್ದರೆ ಕಷ್ಟ. ಇಳಿಯುವವರೆಗೆ ನಿಮ್ಮ ಹತ್ತಿರವೇ ಇರಲಿ."

ಅಧಿಕಾರಿ ನಗುತ್ತ ಬಾಟ್ಲಿ ತೆಗೆದಿಟ್ಟು, ಶೆಟ್ಟರಿಗೊಂದು ಸಲ್ಯೂಟ್ ಹೊಡೆದ. "ನಿಮ್ಮಂಥವರು ಅಪರೂಪ ಸಾರ್!" ಶೆಟ್ಟರು ಹಲ್ಲು ಕಚ್ಚಿಕೊಂಡೇ ನಕ್ಕರು.

ಬಾರಿನ ದರ ನೋಡಿ ಶೆಟ್ಟರು ಬಂದ ದಾರಿಯಲ್ಲೇ ವಾಪಸಾದರು. ಬೇರೆ ಗತಿಯಿಲ್ಲದೆ ಸಂಜೆಯೆಲ್ಲ ಡೆಕ್ಕಿನ ಮೇಲೆ ಹೆಂಡತಿಯ ಪಕ್ಕ ಕೂತರು. ಮರುದಿನ ಸಂಜೆ ಯಾರೂ ಹೇಳದೆಯೇ ತಾವೇ ಕುರ್ಚಿ ತಳ್ಳಿಕೊಂಡು ಹೋದರು. ಅಮ್ಮ ಮದುವೆಯಾದ ಹೊಸತರ ಮಾತೆಲ್ಲ ತೆಗೆದು ನಗುತ್ತಿದ್ದರು.

ಶೆಟ್ಟರು ಐತಪ್ಪನನ್ನು ಕರೆದರು. ಬೈಗುಳ ತಿನ್ನಲು ಸಿದ್ಧನಾಗಿಯೇ ಅವನು ತಲೆತಗ್ಗಿಸಿ ನಿಂತ.

"ಇವಳು ಇಷ್ಟು ಚೆಂದ ನಗ್ತಾಳೆ ಅಂತ ನನಗೆ ಮರೆತೇ ಹೋಗಿತ್ತು ಮಾರಾಯ," ಎಂದರು ಶೆಟ್ಟರು. "ನಿನ್ನಿಂದ ದೊಡ್ಡ ಉಪಕಾರವಾಯಿತು."

ಅಮ್ಮ ಪಕ್ಕದ ಕುರ್ಚಿ ತೋರಿಸಿದರು. "ಕೂತ್ಕೋ ಐತಪ್ಪ. ನೀನೂ ಸ್ವಲ್ಪ ಸಮುದ್ರ ನೋಡು."