ಸುಣ್ಣ ಬಳಿದ ಬಂಡೆ

"ಗುರುಗಳೇ, ಪಾಠ ಒಪ್ಪಿಸಲು ನಿಂತಾಗ ಒಬ್ಬ ಸಹಪಾಠಿ ನಗುತ್ತಾನೆ. ಅವನನ್ನು ನೋಡಬಾರದು ಎಂದುಕೊಂಡಷ್ಟೂ ನನ್ನ ಕಣ್ಣು ಅವನ ಮುಖಕ್ಕೇ ಹೋಗುತ್ತದೆ. ನಾಲಿಗೆ ತೊದಲುತ್ತದೆ. ಈ ಕಣ್ಣನ್ನು ಕಟ್ಟಿಹಾಕುವುದು ಹೇಗೆ?" ಎಂದು ಶಿಷ್ಯ ಕೇಳಿದ.

"ಕಣ್ಣೇನು ಕರುವೇ, ಗೂಟಕ್ಕೆ ಕಟ್ಟಲು? ಕೇಳು," ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಅಂಬಿಗ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ. ಹರಿಗೋಲು ಎಂದರೆ ದುಂಡಗಿನ ಬುಟ್ಟಿ. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಅಂಬಿಗ ನೋಡಿದ ಕಡೆಯೇ ಅದರ ಮುಂದು. ಒಮ್ಮೆ ನಡುಹೊಳೆಯ ಬಂಡೆಗೆ ಬಡಿದು ಅದು ಮಗುಚಿತು. ಜೊತೆಗಿದ್ದ ಅವನ ತಮ್ಮ ನೀರುಪಾಲಾದ.

ದೂರದಿಂದಲೇ ಕಾಣಲಿ ಎಂದು ಊರ ಹಿರಿಯರು ಆ ಬಂಡೆಗೆ ಸುಣ್ಣ ಬಳಿಸಿದರು. ಒಳ್ಳೆಯ ಮನಸ್ಸಿನಿಂದಲೇ ಬಳಿಸಿದರು, ಪಾಪ. ಅಂದಿನಿಂದ ಅಂಬಿಗನಿಗೆ ಹೊಳೆ ಕಾಣಲಿಲ್ಲ, ಬಂಡೆಯೊಂದೇ ಕಂಡಿತು. ಹಲ್ಲು ಕಚ್ಚಿ ಬೇರೆ ಕಡೆ ತಿರುಗಿದರೂ ಕಣ್ಣು ಅಲ್ಲಿಗೇ ಮರಳುತ್ತಿತ್ತು. ಕಣ್ಣು ಹೋದತ್ತ ಹುಟ್ಟು, ಹುಟ್ಟು ಹೋದತ್ತ ಹರಿಗೋಲು. ಮತ್ತೊಮ್ಮೆ ಕೂದಲೆಳೆಯಲ್ಲಿ ಪಾರಾದ ಮೇಲೆ ಅವನು ಹುಟ್ಟನ್ನು ಮೂಲೆಗಿಟ್ಟ.

ಆಚೆ ದಡದ ಊರಿಗೆ ಕೊಟ್ಟಿದ್ದ ಮಗಳು ಅಷ್ಟರಲ್ಲಿ ಹೆತ್ತಳು. ಅವನು ಮೊಮ್ಮಗುವಿನ ಮುಖವನ್ನೇ ನೋಡಿರಲಿಲ್ಲ. ಅಪ್ಪ ಬಂದಾನೆಂದು ಮಗಳು ದಿನವೂ ಕೂಸನ್ನೆತ್ತಿಕೊಂಡು ಹೊಳೆದಂಡೆಗೆ ಬಂದು, ಕಾದು ಹೋಗುತ್ತಿದ್ದಳು.

ಒಂದು ದಿನ ಮಗಳ ಊರಿನ ಮುದುಕಿಯೊಬ್ಬಳು ದಾಟಿಸಲೇಬೇಕೆಂದು ಹಟ ಹಿಡಿದಳು. ಅಂಬಿಗ ಅವಳನ್ನು ಕೂರಿಸಿಕೊಂಡು ಹೊರಟ. ನಡುಹೊಳೆಯಲ್ಲಿ ಹರಿಗೋಲು ಮತ್ತೆ ಬಂಡೆಯತ್ತ ಸಾಗಿತು.

"ನೋಡಬ್ಯಾಡ ಅಂದ್ರೂ ಕಣ್ಣು ಅಲ್ಲಿಗೇ ಹೋಗ್ತೈತಿ ಅವ್ವಾ. ನನ್ನ ಕೈಲೆ ಆಗಂಗಿಲ್ಲ," ಎಂದು ಅವನು ಅತ್ತುಬಿಟ್ಟ.

"ಆ ಕಲ್ಲು ಅಲ್ಲೇ ಬಿದ್ದಿರ್ಲಿ ಬಿಡೋ ತಮ್ಮಾ. ಅಗಾ, ದಂಡಿ ಮ್ಯಾಲ ನಿನ್ನ ಮಗಳು ಕೂಸು ಎತ್ಕೊಂಡು ನಿಂತಾಳ ನೋಡು," ಎಂದಳು ಮುದುಕಿ.

ಅವನ ಕಣ್ಣು ದಡಕ್ಕೆ ಹಾರಿತು. ಹುಟ್ಟು ಯಾವಾಗ ತಿರುಗಿತೋ ಅವನಿಗೇ ತಿಳಿಯಲಿಲ್ಲ. ಬಂಡೆ ಮೊಳದಷ್ಟು ದೂರದಲ್ಲಿ ಪಕ್ಕಕ್ಕೆ ಸರಿದುಹೋಯಿತು. ಅವನು ಅದನ್ನು ನೋಡಲೂ ಇಲ್ಲ. ದಡ ಮುಟ್ಟಿದವನೇ ಒದ್ದೆ ಕೈಯಲ್ಲೇ ಮಗುವನ್ನು ಎತ್ತಿಕೊಂಡ.

ಕತೆ ಮುಗಿಯಿತು. "ಹಾಗಾದರೆ ಮೊದಲು ಬಂಡೆಯ ಸುಣ್ಣ ತೊಳೆಸಬೇಕಿತ್ತಲ್ಲವೇ, ಗುರುಗಳೇ?" ಎಂದ ಶಿಷ್ಯ.

ಗುರುಗಳು ನಕ್ಕು ಕೇಳಿದರು: "ಸುಣ್ಣ ಇವತ್ತಿಗೂ ಹಾಗೇ ಇದೆ. ನೀನು ಪಾಠ ಒಪ್ಪಿಸುವಾಗ ನಿನ್ನ ದಡದಲ್ಲಿ ಯಾರು ನಿಂತಿರುತ್ತಾರೆ?"